‘ಒಂದು ಅಧ್ಯಯನ’ದ ಆಚೆಗೆ

ನಮ್ಮ ಯಾವುದೇ ವಿಶ್ವವಿದ್ಯಾನಿಲಯದ ಗ್ರಂಥಾಲಯಕ್ಕೆ ಹೋಗಿ, ಪಿಎಚ್.ಡಿ. ಮಹಾಪ್ರಬಂಧಗಳನ್ನು ಜೋಡಿಸಿಟ್ಟ ಕಪಾಟಿನ ಮುಂದೆ ಹತ್ತು ನಿಮಿಷ ನಿಂತರೆ ಒಂದು ಸಂಗತಿ ಕಣ್ಣಿಗೆ ರಾಚುತ್ತದೆ. ರಟ್ಟಿನ ಬಣ್ಣ ಹೆಚ್ಚುಕಡಿಮೆ ಒಂದೇ, ಅದರ ಮೇಲಿನ ಚಿನ್ನದ ಬಣ್ಣದ ಅಕ್ಷರ ಒಂದೇ, ಶೀರ್ಷಿಕೆಯ ಬಾಲವೂ ಒಂದೇ: ‘ಒಂದು ಅಧ್ಯಯನ’. ಯಾರೋ ಕವಿಯ ಕಾವ್ಯ: ಒಂದು ಅಧ್ಯಯನ. ಯಾವುದೋ ತಾಲೂಕಿನ ಸ್ಥಳನಾಮಗಳು: ಒಂದು ಅಧ್ಯಯನ. ಮುಸ್ಲಿಮ್ ಮಹಿಳೆಯರ ಸಾಮಾಜಿಕ ಮತ್ತು ಆರ್ಥಿಕ ಸ್ಥಿತಿಗತಿ: ಒಂದು ಅಧ್ಯಯನ. ಸ್ವಲ್ಪ ಧೈರ್ಯವಿದ್ದವರು ‘ವಿಮರ್ಶಾತ್ಮಕ’ ಎಂಬ ಪದವನ್ನು ನಡುವೆ ತೂರಿಸಿರುತ್ತಾರೆ. ಒಳಗೆ ಮೊದಲ ಅಧ್ಯಾಯದಲ್ಲಿ ಅಧ್ಯಯನದ ಉದ್ದೇಶ, ವ್ಯಾಪ್ತಿ ಮತ್ತು ಮಿತಿ; ಎರಡನೆಯದರಲ್ಲಿ ಈವರೆಗಿನ ಅಧ್ಯಯನಗಳ ಸಮೀಕ್ಷೆ; ಕೊನೆಯಲ್ಲಿ ಸಮಾರೋಪ. ಸಮಾರೋಪದಲ್ಲಿ ಮೊದಲ ಅಧ್ಯಾಯದ ವಾಕ್ಯಗಳೇ ಭೂತಕಾಲಕ್ಕೆ ತಿರುಗಿ ನಿಂತಿರುತ್ತವೆ.

ಇದನ್ನು ಕಂಡು ನಗುವುದು ಸುಲಭ. ಆದರೆ ಆ ಕಪಾಟಿನ ಒಂದೊಂದು ಸಂಪುಟದ ಹಿಂದೆಯೂ ಯಾರದೋ ಯೌವನದ ನಾಲ್ಕೈದು ವರ್ಷಗಳಿವೆ. ಅವರಲ್ಲಿ ಅನೇಕರು ತಮ್ಮ ಮನೆಯಿಂದ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದವರು. ಬಸ್ ಪಾಸು, ಹಾಸ್ಟೆಲಿನ ಅನ್ನ, ಹೇಳಿದ ಕಾಲಕ್ಕೆ ಬಾರದ ವಿದ್ಯಾರ್ಥಿವೇತನ, ಇವುಗಳ ನಡುವೆ ಓದಿದವರು. ಬದುಕನ್ನು ಇಷ್ಟು ಹತ್ತಿರದಿಂದ ಕಂಡವರು ಬರೆಯಲು ಕೂತಾಗ ಏನನ್ನೂ ಕಾಣದವರಂತೆ ಯಾಕೆ ಬರೆಯುತ್ತಾರೆ? ಪ್ರತಿಭೆಯ ಕೊರತೆ ಎಂಬ ಉತ್ತರ ಸಾಮಾನ್ಯವಾಗಿ ಸಿಗುತ್ತದೆ. ನಮಗೆ ಆ ಉತ್ತರ ಒಪ್ಪಿಗೆಯಾಗುವುದಿಲ್ಲ. ಹೊಸ ನೋಟದ ಪ್ರಶ್ನೆ ಪ್ರತಿಭೆಗಿಂತ ಮೊದಲು ಪ್ರಾಮಾಣಿಕತೆಯ ಪ್ರಶ್ನೆ ಎಂದು ನಾವು ಭಾವಿಸಿದ್ದೇವೆ. ಯಾಕೆಂದರೆ ನೋಡಿದ್ದನ್ನು ನೋಡಿಲ್ಲವೆಂದು ಬರೆಯುವಾಗ ನಷ್ಟವಾಗುವುದು ಬರೆದವರಿಗೆ ಮಾತ್ರವಲ್ಲ.

ನಮಗೆ ಪರಿಚಿತಳಾದ ಒಬ್ಬ ವಿದ್ಯಾರ್ಥಿನಿಯ ಕತೆ ಹೇಳುತ್ತೇವೆ. ಕರಾವಳಿಯ ಒಂದು ತಾಲೂಕಿನ ಮುಸ್ಲಿಮ್ ಮಹಿಳೆಯರ ಬಗ್ಗೆ ಆಕೆಯ ಸಂಶೋಧನೆ. ಪ್ರಶ್ನಾವಳಿ ಸಿದ್ಧವಾಯಿತು. ಅದರಲ್ಲಿ ‘ಉದ್ಯೋಗ’ ಎಂಬ ಪ್ರಶ್ನೆಗೆ ನಾಲ್ಕು ಚೌಕಗಳಿದ್ದವು: ಸರಕಾರಿ, ಖಾಸಗಿ, ಸ್ವಉದ್ಯೋಗ, ಗೃಹಿಣಿ. ಆಕೆ ಮನೆಮನೆಗೆ ಹೋಗಿ ಕೇಳಿದಳು. ಬಹುತೇಕ ಮನೆಗಳಲ್ಲಿ ಒಂದೇ ಉತ್ತರ ಸಿಕ್ಕಿತು. ಅವರ ಬ್ಯಾರಿ ಮಾತನ್ನು ಕನ್ನಡಕ್ಕೆ ತಂದರೆ, “ಕೆಲಸ ಏನೂ ಇಲ್ಲ ಮಗಳೇ, ಮನೆಯಲ್ಲೇ ಇರುವುದು.” ಹೀಗೆ ಹೇಳುತ್ತಿದ್ದ ಹೆಂಗಸಿನ ಮಡಿಲಲ್ಲಿ ಗೆರಸೆ ಇತ್ತು. ಗೆರಸೆಯಲ್ಲಿ ಕತ್ತರಿಸಿದ ಬೀಡಿ ಎಲೆ, ಹೊಗೆಸೊಪ್ಪಿನ ಪುಡಿ, ನೂಲಿನ ಉಂಡೆ. ಮಾತನಾಡುತ್ತಿದ್ದಷ್ಟು ಹೊತ್ತೂ ಆಕೆಯ ಬೆರಳುಗಳು ನಿಂತಿರಲಿಲ್ಲ. ನಮ್ಮ ವಿದ್ಯಾರ್ಥಿನಿ ‘ಗೃಹಿಣಿ’ ಚೌಕದಲ್ಲಿ ಗುರುತು ಹಾಕಿ ಮುಂದಿನ ಮನೆಗೆ ಹೋದಳು.

ಮೂವತ್ತು ನಲವತ್ತು ಮನೆಗಳಾದ ಮೇಲೆ ಆಕೆಗೆ ಅನುಮಾನ ಬಂತು. ಮಾರ್ಗದರ್ಶಕರಲ್ಲಿ ಕೇಳಿದಳು. “ಅವರೇ ಕೆಲಸವಿಲ್ಲ ಎಂದ ಮೇಲೆ ನಿಮ್ಮದೇನು? ಈಗ ಪ್ರಶ್ನೆ ಬದಲಿಸಿದರೆ ಕೋಷ್ಟಕ ಹಾಳಾಗುತ್ತದೆ” ಎಂಬ ಉತ್ತರ ಬಂತು. ಕೋಷ್ಟಕ ಹಾಳಾಗಲಿಲ್ಲ. ಸಮುದಾಯದ ಬಹುಪಾಲು ಮಹಿಳೆಯರು ದುಡಿಮೆಯಲ್ಲಿ ತೊಡಗಿಲ್ಲ, ಇದಕ್ಕೆ ಸಂಪ್ರದಾಯ ಹಾಗೂ ಪರ್ದಾ ಕಾರಣ ಎಂಬ ತೀರ್ಮಾನ ಪ್ರಬಂಧದಲ್ಲಿ ಸೇರಿತು. ಆ ತೀರ್ಮಾನಕ್ಕೆ ಬೇಕಾದ ಹಳೆಯ ಆಕರಗಳೂ ಸಿಕ್ಕಿದವು. ಪದವಿ ಬಂತು. ವರ್ಷಗಳ ನಂತರ ನಮ್ಮೆದುರು ಇದನ್ನು ಹೇಳುವಾಗ ಆಕೆ ಮತ್ತೊಂದು ಮಾತು ಸೇರಿಸಿದಳು: “ನನ್ನ ಶಾಲೆಯ ಫೀಸು ಕಟ್ಟಿದ್ದೂ ಉಮ್ಮನ ಬೀಡಿಯ ದುಡ್ಡಿನಿಂದಲೇ.”

ಇಲ್ಲಿ ಯಾರೂ ಸುಳ್ಳು ಹೇಳಲಿಲ್ಲ ಎಂಬುದನ್ನು ಗಮನಿಸಬೇಕು. ಆ ಮಹಿಳೆಯರು ತಮಗೆ ತಿಳಿದಂತೆ ಉತ್ತರಿಸಿದರು. ವಿದ್ಯಾರ್ಥಿನಿ ಉತ್ತರವನ್ನು ಇದ್ದಂತೆ ದಾಖಲಿಸಿದಳು. ಮಾರ್ಗದರ್ಶಕರು ವಿಧಾನವನ್ನು ಕಾಪಾಡಿದರು. ಆದರೂ ಹೊರಬಂದದ್ದು ಸುಳ್ಳು. ಈಗ ಆ ಪ್ರಬಂಧ ಮತ್ತೊಬ್ಬ ಸಂಶೋಧಕನ ಅಡಿಟಿಪ್ಪಣಿಯಲ್ಲಿ ಆಕರವಾಗುತ್ತದೆ, ಅವನದು ಇನ್ನೊಬ್ಬನಿಗೆ. ಹೀಗೆ ಸಾವಿರಾರು ಮಂದಿಯ ದುಡಿಮೆ ಕಾಗದದ ಮೇಲೆ ಅಳಿಸಿಹೋಗುತ್ತದೆ. ಬೀಡಿ ಕಾರ್ಮಿಕರಿಗಾಗಿ 1966ರಲ್ಲೇ ಕಾನೂನು ಬಂದಿತ್ತು. ಅಂಥ ಕಾನೂನಿನ ಫಲ ಸಿಗಬೇಕಾದರೆ ಮೊದಲು ಆಕೆ ಕಾರ್ಮಿಕಳೆಂದು ಎಲ್ಲಾದರೂ ದಾಖಲಾಗಬೇಕು. ಮುಸ್ಲಿಮ್ ಮಹಿಳೆಯರು ದೊಡ್ಡ ಪ್ರಮಾಣದಲ್ಲಿ ಮನೆಯೊಳಗಿದ್ದೇ ಮಾಡುವ ದುಡಿಮೆಯಲ್ಲಿದ್ದಾರೆ ಎಂಬುದನ್ನು 2006ರಲ್ಲಿ ಸಾಚಾರ್ ಸಮಿತಿ ತನ್ನ ವರದಿಯಲ್ಲಿ ಗುರುತಿಸಿತ್ತು. ದಿಲ್ಲಿಯಲ್ಲಿ ಕೂತ ಸಮಿತಿಗೆ ಕಂಡದ್ದು, ಅದೇ ಮನೆಯಲ್ಲಿ ಹುಟ್ಟಿದ ಹುಡುಗಿಯ ಪ್ರಬಂಧಕ್ಕೆ ಕಾಣಲಿಲ್ಲ. ಸುದ್ದಿಯೊಂದು ಬಂದಾಗ ಅದನ್ನು ಪರಿಶೀಲಿಸಿ, ಇಲ್ಲವಾದರೆ ಅರಿವಿಲ್ಲದೆ ಜನರಿಗೆ ಹಾನಿ ಮಾಡಿಬಿಟ್ಟೀರಿ ಎಂಬ ಅರ್ಥದ ಎಚ್ಚರಿಕೆ ಪವಿತ್ರ ಕುರ್‌ಆನಿನಲ್ಲಿದೆ. ಇದನ್ನು ನಾವು ಸಾಮಾನ್ಯವಾಗಿ ಗಾಳಿಸುದ್ದಿ ಹರಡುವವರಿಗೆ ಹೇಳುತ್ತೇವೆ. ಕೋಷ್ಟಕ ತುಂಬುವವರಿಗೂ ಅದು ಅನ್ವಯಿಸುತ್ತದೆ.

ಕನ್ನಡದಲ್ಲಿ ‘ಸೃಜನೇತರ’ ಎಂಬ ಒಂದು ವಿಚಿತ್ರ ಪದ ಚಾಲ್ತಿಯಲ್ಲಿದೆ. ಕತೆ, ಕವಿತೆ, ಕಾದಂಬರಿ ಸೃಜನಶೀಲ. ಸಂಶೋಧನೆ, ವಿಮರ್ಶೆ, ಚರಿತ್ರೆ ಸೃಜನೇತರ. ಬಹುಮಾನಗಳನ್ನು ಹಂಚುವವರಿಗೆ ಈ ವಿಂಗಡಣೆಯಿಂದ ಅನುಕೂಲವಾಗಿರಬಹುದು. ಆದರೆ ಒಬ್ಬ ಸಂಶೋಧಕನಿಗೆ ಆರಂಭದಲ್ಲೇ ‘ನಿನ್ನದು ಸೃಷ್ಟಿಯ ಕೆಲಸವಲ್ಲ’ ಎಂದು ಹೇಳಿಬಿಟ್ಟರೆ ಅವನು ಗುಮಾಸ್ತನಾಗದೆ ಇನ್ನೇನಾದಾನು? ಇನ್ನು ಕೆಲವರು ಸೃಜನಶೀಲತೆ ಎಂದರೆ ಅಲಂಕಾರ ಎಂದು ತಿಳಿದಿದ್ದಾರೆ. ಪ್ರಬಂಧದ ಮೊದಲ ಪುಟದಲ್ಲಿ ಒಂದು ಕವಿವಾಣಿ, ಕೊನೆಯಲ್ಲೊಂದು, ನಡುವೆ ಅದೇ ಒಣ ಎಲೆ. ನಾವು ಹೇಳುತ್ತಿರುವುದು ಇಂಥ ಬೆಡಗಿನ ಬಗ್ಗೆ ಅಲ್ಲ.

ಹಾಗಾದರೆ ಯಾವುದರ ಬಗ್ಗೆ? ಇದಕ್ಕೆ ನಮ್ಮ ಮನಸ್ಸಿಗೆ ಬರುವ ದೊಡ್ಡ ಉದಾಹರಣೆ ಇಬ್ನ್ ಖಲ್ದೂನ್. 1332ರಲ್ಲಿ ತ್ಯೂನಿಸ್‌ನಲ್ಲಿ ಹುಟ್ಟಿದವರು. ಹದಿನೇಳರ ಹರೆಯದಲ್ಲಿ ಮಹಾಮಾರಿ ಪ್ಲೇಗು ಅವರ ತಂದೆತಾಯಿಯನ್ನೂ ಅನೇಕ ಗುರುಗಳನ್ನೂ ಕೊಂಡೊಯ್ದಿತು. ಆನಂತರದ ಬದುಕು ಸುಲ್ತಾನರ ಆಸ್ಥಾನ, ಒಳಸಂಚು, ಫಾಸ್ ನಗರದಲ್ಲಿ ಸೆರೆವಾಸ, ಗ್ರನಾಡಾದ ಓಡಾಟ, ಮರುಭೂಮಿಯಂಚಿನ ಬುಡಕಟ್ಟುಗಳ ಜೊತೆ ಸಂಧಾನ, ಇವುಗಳಲ್ಲಿ ಕಳೆಯಿತು. ಕೊನೆಗೆ ಬೇಸತ್ತು ಈಗಿನ ಅಲ್ಜೀರಿಯಾದಲ್ಲಿರುವ ಇಬ್ನ್ ಸಲಾಮ ಕೋಟೆಯಲ್ಲಿ ಕೆಲ ವರ್ಷ ಕುಟುಂಬದೊಡನೆ ಏಕಾಂತದಲ್ಲಿದ್ದರು. 1377ರಲ್ಲಿ, ಅಲ್ಲಿ ಐದೇ ತಿಂಗಳಲ್ಲಿ ‘ಮುಕದ್ದಿಮಾ’ದ ಮೊದಲ ರೂಪ ಸಿದ್ಧವಾಯಿತು.

ಆ ಗ್ರಂಥದ ಆರಂಭದಲ್ಲೇ ಅವರು ಒಂದು ಹಳೆಯ ವರದಿಯನ್ನು ಎತ್ತಿಕೊಳ್ಳುತ್ತಾರೆ. ಪ್ರವಾದಿ ಮೂಸಾ(ಅ) ಅವರು ಬನೂ ಇಸ್ರಾಯೀಲರ ಸೈನ್ಯವನ್ನು ಎಣಿಸಿದಾಗ ಆಯುಧ ಹಿಡಿಯಬಲ್ಲ ಗಂಡಸರೇ ಆರು ಲಕ್ಷಕ್ಕಿಂತ ಹೆಚ್ಚಿದ್ದರು ಎಂಬುದು ಆ ವರದಿ. ಮಸ್‌ಊದಿಯವರಂಥ ಖ್ಯಾತ ಇತಿಹಾಸಕಾರರು ಅದನ್ನು ದಾಖಲಿಸಿದ್ದರು, ಉಳಿದವರು ನಕಲು ಮಾಡಿಕೊಂಡು ಬಂದಿದ್ದರು. ಇಬ್ನ್ ಖಲ್ದೂನ್ ಕೇಳಿದ ಪ್ರಶ್ನೆಗಳು ಎಷ್ಟು ಸರಳವಾಗಿವೆ ನೋಡಿ. ಇಷ್ಟು ಜನ ಒಂದು ಬಯಲಿನಲ್ಲಿ ಸಾಲುಗಟ್ಟಿ ನಿಂತರೆ ಸಾಲು ಕಣ್ಣಿಗೆ ಕಾಣುವ ದೂರವನ್ನೂ ಮೀರಿ ಎರಡು ಮೂರು ಪಟ್ಟು ಹೋಗುತ್ತದೆ. ಒಂದು ತುದಿಯಲ್ಲಿ ಏನಾಗುತ್ತಿದೆ ಎಂಬುದು ಇನ್ನೊಂದು ತುದಿಗೆ ತಿಳಿಯುವುದಿಲ್ಲ. ಅಂಥ ಸೈನ್ಯ ಯುದ್ಧ ಮಾಡುವುದು ಹೇಗೆ? ಅದಕ್ಕಿಂತ ಎಷ್ಟೋ ದೊಡ್ಡದಾಗಿದ್ದ ಪಾರಸಿಕ ಸಾಮ್ರಾಜ್ಯ ಕಾದಿಸಿಯಾ ಯುದ್ಧಕ್ಕೆ ತಂದದ್ದು 1,20,000 ಮಂದಿಯನ್ನು ಎಂದು ಹೇಳಲಾಗುತ್ತದೆ. ಅಲ್ಲದೆ ಯಾಕೂಬ್(ಅ) ಈಜಿಪ್ಟಿಗೆ ಬಂದಾಗ ಕುಟುಂಬದಲ್ಲಿದ್ದವರು 70 ಮಂದಿ. ಅವರಿಂದ ಮೂಸಾ(ಅ) ಅವರಿಗೆ ಇರುವುದು ಕೆಲವೇ ತಲೆಮಾರು. ಎಪ್ಪತ್ತು ಮಂದಿ ಅಷ್ಟರಲ್ಲಿ ಇಷ್ಟಾಗುವುದು ಸಾಧ್ಯವೇ?

ಇಲ್ಲಿ ಅವರಿಗೆ ಹೊಸ ಹಸ್ತಪ್ರತಿಯೇನೂ ಸಿಕ್ಕಿರಲಿಲ್ಲ. ಎಲ್ಲರ ಬಳಿ ಇದ್ದ ಪುಸ್ತಕಗಳೇ ಅವರ ಬಳಿಯೂ ಇದ್ದವು. ಆದರೆ ಉಳಿದವರು ಆರು ಲಕ್ಷ ಎಂಬುದನ್ನು ಅಂಕಿಯಾಗಿ ಓದಿದರು. ದಂಡಿನ ಪಾಳೆಯಗಳನ್ನು ಕಣ್ಣಾರೆ ಕಂಡಿದ್ದ ಇಬ್ನ್ ಖಲ್ದೂನ್ ಅದನ್ನು ಜನರಾಗಿ ಓದಿದರು. ಅವರನ್ನು ಬಯಲಿನಲ್ಲಿ ನಿಲ್ಲಿಸಿ ನೋಡಿದರು. ತಮ್ಮ ಬದುಕು ಕಲಿಸಿದ್ದನ್ನು ಹೊರಗೆ ಚಪ್ಪಲಿಯ ಜೊತೆ ಬಿಟ್ಟು ಅವರು ಓದಿನ ಕೋಣೆಗೆ ಹೋಗಲಿಲ್ಲ. ಸಂಶೋಧನೆಯಲ್ಲಿ ಸೃಜನಶೀಲತೆ ಎಂದು ನಾವು ಕರೆಯುವುದು ಇದನ್ನು. ನಮ್ಮ ವಿದ್ಯಾರ್ಥಿನಿ ಬಿಟ್ಟುಹೋದದ್ದೂ ಇದನ್ನೇ.

ಪರಂಪರೆಯ ಬಗ್ಗೆ ಅವರಿಗೆ ಅಗೌರವವಿತ್ತು ಎಂದು ಯಾರೂ ತಿಳಿಯಬಾರದು. ಹದೀಸ್ ವಿದ್ವಾಂಸರು ಬೆಳೆಸಿದ ಸನದಿನ ಶಿಸ್ತು, ಅಂದರೆ ಒಂದು ಮಾತು ಯಾರಿಂದ ಯಾರಿಗೆ ಬಂತು, ಆ ಕೊಂಡಿಯ ಒಬ್ಬೊಬ್ಬನೂ ಎಂಥವನು ಎಂದು ಪರೀಕ್ಷಿಸುವ ಶಿಸ್ತು, ಜಗತ್ತಿನ ವಿದ್ವತ್ ಪರಂಪರೆಗಳಲ್ಲೇ ದೊಡ್ಡ ಸಾಧನೆ. ಅಡಿಟಿಪ್ಪಣಿಯ ನೈತಿಕತೆ ಅಲ್ಲಿದೆ. ಧರ್ಮದ ವಿಧಿಗಳ ವಿಷಯದಲ್ಲಿ ಆ ಮಾರ್ಗವನ್ನು ಇಬ್ನ್ ಖಲ್ದೂನ್ ಒಪ್ಪುತ್ತಾರೆ. ಆದರೆ ನಡೆದ ಘಟನೆಗಳ ವಿಷಯ ಬಂದಾಗ, ಹೇಳಿದವರು ಎಂಥವರು ಎಂದು ಕೇಳುವ ಮೊದಲು ಹೇಳಿದ್ದು ನಡೆಯಲು ಸಾಧ್ಯವೇ ಎಂದು ಕೇಳಬೇಕು ಎನ್ನುತ್ತಾರೆ. ರಿವಾಯತ್ ಮತ್ತು ದಿರಾಯತ್, ಅಂದರೆ ತಲುಪಿಸುವುದು ಮತ್ತು ಅರಿಯುವುದು, ಇವೆರಡನ್ನೂ ನಮ್ಮ ಹಿರಿಯರು ಬೇರೆಬೇರೆ ವಿದ್ಯೆಗಳೆಂದು ತಿಳಿದಿದ್ದರು. ನಮ್ಮ ವಿಶ್ವವಿದ್ಯಾನಿಲಯಗಳಲ್ಲಿ ರಿವಾಯತ್ ಉಳಿದುಕೊಂಡಿದೆ, ಅದೂ ಸನದಿನ ಕಟ್ಟುನಿಟ್ಟು ಇಲ್ಲದೆ.

‘ಅಸಬಿಯ್ಯ’ ಎಂಬ ಅವರ ಪ್ರಸಿದ್ಧ ಪರಿಕಲ್ಪನೆಯೂ ಅಷ್ಟೇ. ಆ ಪದವನ್ನು ಅವರು ಹುಟ್ಟಿಸಲಿಲ್ಲ. ಕುಲದ ದುರಭಿಮಾನ ಎಂಬರ್ಥದಲ್ಲಿ, ಪ್ರವಾದಿ(ಸ) ಖಂಡಿಸಿದ ದುರ್ಗುಣವಾಗಿ ಅದು ಎಲ್ಲರಿಗೂ ಗೊತ್ತಿತ್ತು. ಜನರನ್ನು ಒಟ್ಟಿಗೆ ಹಿಡಿದಿಡುವ ಬಲ ಯಾವುದು, ರಾಜ್ಯಗಳು ಕಟ್ಟಿಕೊಳ್ಳುವುದೂ ಕೆಲ ತಲೆಮಾರುಗಳಲ್ಲಿ ಕುಸಿಯುವುದೂ ಯಾಕೆ ಎಂದು ವಿವರಿಸಲು ಅವರು ಅದೇ ಪದವನ್ನು ಎತ್ತಿಕೊಂಡು ತಿರುಗಿಸಿ ನೋಡಿದರು. ಹೊಸ ನೋಟಕ್ಕೆ ಹೊಸ ಪದಗಳ ಸಂತೆ ಬೇಕಾಗಿಲ್ಲ. ಇಂದಿನ ನಮ್ಮ ಪ್ರಬಂಧಗಳಲ್ಲಿ ‘ಸಂಕಥನ’, ‘ಅನನ್ಯತೆ’, ‘ಅಂಚಿಗೆ ಸರಿದ’ ಎಂಬ ಪದಗಳು ಮಸಾಲೆಯಂತೆ ಉದುರುತ್ತಿರುವುದನ್ನು ಕಂಡಾಗ ಇದು ನೆನಪಾಗುತ್ತದೆ.

ಶಿಕ್ಷಣದ ಬಗ್ಗೆ ಅವರು ಬರೆದದ್ದನ್ನು ಓದಿದರೆ ನಮ್ಮ ಕಾಲದವರೇ ಅನಿಸುತ್ತದೆ. ಸಂಗ್ರಹ, ಸಾರಾಂಶ, ಕೈಪಿಡಿಗಳು ಹೆಚ್ಚಾಗಿರುವುದರಿಂದ ಕಲಿಕೆಗೆ ಹಾನಿ ಎಂದು ಒಂದು ಅಧ್ಯಾಯದಲ್ಲಿ ದೂರುತ್ತಾರೆ. ತಮ್ಮ ಕಾಲದ ಮೊರಾಕ್ಕೋದ ಮದ್ರಸಗಳಲ್ಲಿ ವಿದ್ಯಾರ್ಥಿಗೆ ನಿಗದಿಯಾದ ವಾಸದ ಅವಧಿ ಹದಿನಾರು ವರ್ಷ, ತ್ಯೂನಿಸ್‌ನಲ್ಲಿ ಐದು ವರ್ಷ. ಆ ಹದಿನಾರು ವರ್ಷ ಬಾಯಿ ತೆರೆಯದೆ ಕೂತು ಕಂಠಪಾಠ ಮಾಡಿದವರು ಕೊನೆಗೆ ಚರ್ಚೆಗೆ ನಿಂತಾಗ ತಡವರಿಸುತ್ತಾರೆ, ಯಾಕೆಂದರೆ ಅವರಿಗೆ ಪ್ರಶ್ನೆ ಕೇಳಲು, ವಾದಿಸಲು ಯಾರೂ ಕಲಿಸಲಿಲ್ಲ ಎನ್ನುತ್ತಾರೆ. ನಮ್ಮ ವಿಚಾರಗೋಷ್ಠಿಗಳಲ್ಲಿ ಪ್ರಬಂಧ ಮಂಡನೆಯಾದ ಕೂಡಲೇ “ಸಮಯದ ಅಭಾವದಿಂದ ಪ್ರಶ್ನೋತ್ತರ ಇರುವುದಿಲ್ಲ” ಎಂದು ಪ್ರಕಟಿಸಿ, ಶಾಲು ಹೊದೆಸಲು ಮಾತ್ರ ಸಮಯ ಹೊಂದಿಸಿಕೊಳ್ಳುವುದನ್ನು ನಾವೆಲ್ಲ ನೋಡಿದ್ದೇವೆ.

ಆದರೆ ಇಬ್ನ್ ಖಲ್ದೂನ್ ಅವರನ್ನೂ ಪೂಜೆಯ ಪೀಠದಲ್ಲಿ ಕೂರಿಸುವುದು ಬೇಡ. ನೂಹ್(ಅ) ಅವರ ಮಗನಿಗೆ ತಗುಲಿದ ಶಾಪದಿಂದ ಕಪ್ಪು ಜನರ ಮೈಬಣ್ಣ ಬಂತು ಎಂಬ ಕತೆಯನ್ನು ಅವರು ತಳ್ಳಿಹಾಕಿದರು, ಅದು ಹವಾಮಾನದ ಪರಿಣಾಮ ಎಂದರು. ಅಷ್ಟು ಸ್ಪಷ್ಟವಾಗಿ ಯೋಚಿಸಿದವರು ಅದೇ ಹವಾಮಾನದ ತರ್ಕವನ್ನು ಹಿಡಿದು ಆ ಜನರ ಸ್ವಭಾವದ ಬಗ್ಗೆ ತಮ್ಮ ಕಾಲದ ಪೂರ್ವಗ್ರಹಗಳನ್ನು ಹಾಗೆಯೇ ಬರೆದರು. ಒಂದೇ ತಲೆಯಲ್ಲಿ ಹೊಸ ಕಣ್ಣೂ ಹಳೆಯ ಕಿವಿಯೂ ಇರಬಹುದು. ಬಹುಶಃ ಈ ಅಳುಕು ಅವರಿಗೂ ಇತ್ತು. ಗ್ರಂಥದ ಆರಂಭದಲ್ಲೇ, ವಿದ್ವಾಂಸರು ಇದನ್ನು ಮೆಚ್ಚುಗೆಯ ಕಣ್ಣಿನ ಬದಲು ಪರೀಕ್ಷೆಯ ಕಣ್ಣಿನಿಂದ ನೋಡಿ ತಪ್ಪು ತಿದ್ದಲಿ ಎಂದು ಅವರು ಕೇಳಿಕೊಂಡಿದ್ದಾರೆ.

ಇನ್ನು ನಮ್ಮ ನಾಡಿಗೇ ಬರೋಣ. ಬಿಜಾಪುರದ ಸೂಫಿಗಳ ಬಗ್ಗೆ ಬರೆದವರು ಬಹಳ ಕಾಲ ನೋಡಿದ್ದು ಪಾರಸಿ ಚರಿತ್ರೆಗಳನ್ನು, ತಸವ್ವುಫಿನ ಗಂಭೀರ ಗ್ರಂಥಗಳನ್ನು. ಅಮೆರಿಕದ ಇತಿಹಾಸಕಾರ ರಿಚರ್ಡ್ ಈಟನ್ 1970ರ ದಶಕದಲ್ಲಿ ಕೈಗೆತ್ತಿಕೊಂಡ ಆಕರಗಳಲ್ಲಿ ಚಕ್ಕಿನಾಮಾ, ಚರಖಾನಾಮಾಗಳೂ ಇದ್ದವು. ಹೆಣ್ಣುಮಕ್ಕಳು ಬೀಸುವಾಗ, ನೂಲುವಾಗ ಹಾಡಲೆಂದು ಸೂಫಿಗಳು ದಖನಿಯಲ್ಲಿ ಕಟ್ಟಿದ ಹಾಡುಗಳು ಅವು. ಬೀಸುಕಲ್ಲಿನ ಗೂಟ ಅಲ್ಲಿ ಅಲಿಫ್ ಅಕ್ಷರವಾಗುತ್ತದೆ, ಕಲ್ಲಿನ ಸುತ್ತು ಅಲ್ಲಾಹನ ಸ್ಮರಣೆಯಾಗುತ್ತದೆ. ಇಸ್ಲಾಮ್ ದಖನಿನ ಸಾಮಾನ್ಯರ ಮನೆಗೆ ಬಂದದ್ದು ಹೇಗೆ ಎಂಬ ಪ್ರಶ್ನೆಗೆ ಒಂದು ಕಡೆಯವರು ಖಡ್ಗ ಎನ್ನುತ್ತಿದ್ದರು, ಇನ್ನೊಂದು ಕಡೆಯವರು ಸಂತರ ಉಪದೇಶ ಎನ್ನುತ್ತಿದ್ದರು. ಈಟನ್ ಅಡುಗೆಮನೆಯ ಬಾಗಿಲು ತೋರಿಸಿದರು. ಬೆಳಗಿನ ಜಾವ ತಾಯಿ ಬೀಸುತ್ತ ಹಾಡಿದ್ದು ಮಡಿಲ ಮಗುವಿನ ಕಿವಿಗೆ ಬಿದ್ದು, ತಲೆಮಾರುಗಳ ಮೇಲೆ ನಿಧಾನವಾಗಿ ನಡೆದ ಬದಲಾವಣೆ ಅದು ಎಂಬುದು ಅವರ ವಾದ. ‘ಸೂಫೀಸ್ ಆಫ್ ಬಿಜಾಪುರ್’ 1978ರಲ್ಲಿ ಬಂತು. ಅದೇ ಪುಸ್ತಕದಲ್ಲಿ ಅವರು ಹೇಳಿದ ‘ಯೋಧ ಸೂಫಿ’ಗಳ ವಿಷಯವನ್ನು ನಂತರದ ವಿದ್ವಾಂಸರು ಪ್ರಶ್ನಿಸಿದ್ದಾರೆ, ಅದು ನ್ಯಾಯವೇ. ಹೊಸದಾಗಿ ನೋಡಿದ್ದೆಲ್ಲ ಸರಿಯಾಗಿರಬೇಕಾಗಿಲ್ಲ.

ಇದೇ ಬಿಜಾಪುರ ಸೀಮೆಯ ಹಲಸಂಗಿಯಲ್ಲಿ ಮಧುರಚೆನ್ನ ಮತ್ತು ಗೆಳೆಯರು ಕನ್ನಡದ ಹೆಣ್ಣುಮಕ್ಕಳ ಬೀಸುವ ಪದಗಳನ್ನು ಸಂಗ್ರಹಿಸಿ ‘ಗರತಿಯ ಹಾಡು’ ಪ್ರಕಟಿಸಿದ್ದರು. ಅದು ಕನ್ನಡ ವಿಭಾಗದ ಪಠ್ಯ. ಚಕ್ಕಿನಾಮಾ ಉರ್ದು ವಿಭಾಗದ ಪಾಲು, ಸೂಫಿಗಳು ಇತಿಹಾಸ ವಿಭಾಗದ ಪಾಲು. ಬೀಸುಕಲ್ಲಿನ ಎದುರು ಕೂತ ಹೆಂಗಸರಿಗೆ ಮಾತ್ರ ಈ ವಿಭಾಗಗಳ ವಿಷಯ ಗೊತ್ತಿರಲಿಲ್ಲ. ಆ ಎರಡು ರಾಶಿ ಹಾಡುಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಕೂರಲು ಯಾವ ವಿದ್ಯಾರ್ಥಿಗಾದರೂ ಮನಸ್ಸಾದರೆ ಅವನ ಶೀರ್ಷಿಕೆಗೆ ‘ಒಂದು ಅಧ್ಯಯನ’ ಎಂಬ ಬಾಲ ಬೇಕಾಗದು. ಕನ್ನಡ ಅಧ್ಯಾಪಕರಾದ ರಹಮತ್ ತರೀಕೆರೆ ಅವರು ದರ್ಗಾಗಳಿಂದ ದರ್ಗಾಗಳಿಗೆ ಅಲೆದು ‘ಕರ್ನಾಟಕದ ಸೂಫಿಗಳು’ ಬರೆದದ್ದು, ಮುಂದೆ ನಾಥಪಂಥ, ಶಾಕ್ತಪಂಥ, ಮೊಹರಂಗಳತ್ತ ಹೋದದ್ದು ಇಂಥ ಗೋಡೆಗಳನ್ನು ದಾಟಿಯೇ. ಅವರ ಗದ್ಯದಲ್ಲಿ ಧೂಳೂ ಚಹಾದಂಗಡಿಯೂ ಇವೆ. ಅದರಿಂದ ವಿದ್ವತ್ತಿಗೆ ಊನವೇನೂ ಆಗಿಲ್ಲ.

ಇಷ್ಟು ಹೇಳಿ, ನಮ್ಮವರ ಬಗ್ಗೆಯೇ ಒಂದು ಕಹಿ ಮಾತು ಹೇಳದಿದ್ದರೆ ಅಪ್ರಾಮಾಣಿಕತೆಯಾದೀತು. ಇಬ್ನ್ ಖಲ್ದೂನ್, ಅಲ್ ಬಿರೂನಿ, ಇಬ್ನುಲ್ ಹೈಸಮ್ ಹೆಸರುಗಳನ್ನು ನಾವು ವೇದಿಕೆಗಳಲ್ಲಿ ಎಷ್ಟು ಹೆಮ್ಮೆಯಿಂದ ಹೇಳುತ್ತೇವೆ! ಅವರು ಕಂಡುಹಿಡಿದದ್ದರ ಪಟ್ಟಿ ಒಪ್ಪಿಸಿ ಚಪ್ಪಾಳೆ ಗಿಟ್ಟಿಸುತ್ತೇವೆ. ಇಬ್ನುಲ್ ಹೈಸಮ್ ತಮ್ಮ ಒಂದು ಕೃತಿಗೆ ಇಟ್ಟ ಹೆಸರೇ ಟಾಲೆಮಿಯ ಬಗೆಗಿನ ಸಂಶಯಗಳು ಎಂಬರ್ಥದ್ದು. ಸತ್ಯವನ್ನು ಹುಡುಕುವವನು ಹಿರಿಯರ ಗ್ರಂಥಗಳನ್ನಷ್ಟೇ ಅಲ್ಲ, ತನ್ನನ್ನೂ ಸಂಶಯಿಸಬೇಕು ಎಂಬ ಅಭಿಪ್ರಾಯ ಅವರದು. ಸಂಶಯಿಸಿದವರ ಹೆಸರನ್ನು ಕಂಠಪಾಠ ಮಾಡಿ ಒಪ್ಪಿಸುವುದು ಎಂಥ ವಿಪರ್ಯಾಸ. ನಮ್ಮ ಸಮುದಾಯದ ಬಗ್ಗೆ ಹೊರಗಿನವರು ಸಿದ್ಧ ಮಾತುಗಳಲ್ಲಿ ಬರೆಯುತ್ತಾರೆ ಎಂದು ದೂರುವ ನಾವು, ನಮ್ಮ ಬಗ್ಗೆ ಬರೆದುಕೊಳ್ಳುವಾಗ ಬಳಸುವ ಹೊಗಳಿಕೆಯ ಮಾತುಗಳೂ ಅಷ್ಟೇ ಸಿದ್ಧವಾಗಿರುತ್ತವೆ. ಆ ಬೀಡಿ ಕಟ್ಟುವ ತಾಯಂದಿರು ಮೊದಲನೆಯದರಲ್ಲೂ ಇಲ್ಲ, ಎರಡನೆಯದರಲ್ಲೂ ಇಲ್ಲ.

ನಿಯಮಗಳಿಂದ ಇದು ಸರಿಹೋದೀತು ಎಂದು ನಂಬಿದವರಿದ್ದಾರೆ. ಯುಜಿಸಿ 2018ರಲ್ಲಿ ಕೃತಿಚೌರ್ಯ ತಡೆಯ ನಿಯಮ ತಂದಿತು. ಶೇ. 10ರವರೆಗಿನ ಹೋಲಿಕೆಗೆ ದಂಡವಿಲ್ಲ, ಶೇ. 60 ಮೀರಿದರೆ ನೋಂದಣಿಯೇ ರದ್ದು. ಇಂಗ್ಲಿಷ್ ಪುಸ್ತಕದ ಪುಟಗಳನ್ನು ಕನ್ನಡಕ್ಕೆ ಇಳಿಸಿ ತನ್ನದೆಂದವನನ್ನು ಆ ತಂತ್ರಾಂಶ ಹಿಡಿಯುವುದು ಕಷ್ಟ ಎಂಬುದು ಎಲ್ಲರಿಗೂ ಗೊತ್ತು. ಪ್ರಬಂಧ ಸಲ್ಲಿಸುವ ಮೊದಲು ಪತ್ರಿಕೆಯಲ್ಲಿ ಲೇಖನ ಬಂದಿರಬೇಕೆಂಬ ಕಡ್ಡಾಯ ಇದ್ದಷ್ಟು ಕಾಲ ದುಡ್ಡು ಕೊಟ್ಟರೆ ಅಚ್ಚು ಮಾಡುವ ಪತ್ರಿಕೆಗಳು ನಾಯಿಕೊಡೆಗಳಂತೆ ಎದ್ದವು. 2022ರಲ್ಲಿ ಆ ಕಡ್ಡಾಯವನ್ನು ಕೈಬಿಡಲಾಯಿತು. ಇನ್ನು ಈಗ ಕೃತಕ ಬುದ್ಧಿಮತ್ತೆಯ ಯಂತ್ರಗಳು ಬಂದಿವೆ. ‘ಅಧ್ಯಯನದ ಉದ್ದೇಶ ಮತ್ತು ವ್ಯಾಪ್ತಿ’ ಎಂದು ಕೇಳಿದರೆ ನಿಮಿಷದಲ್ಲಿ ನಾಲ್ಕು ಪುಟ ಕೊಡುತ್ತವೆ, ಮನುಷ್ಯರು ಬರೆದದ್ದಕ್ಕೂ ಅದಕ್ಕೂ ವ್ಯತ್ಯಾಸ ತಿಳಿಯದು ಎಂದು ಅಧ್ಯಾಪಕ ಮಿತ್ರರು ಗಾಬರಿಯಾಗಿದ್ದಾರೆ. ವ್ಯತ್ಯಾಸ ತಿಳಿಯದಿರುವುದಕ್ಕೆ ಯಂತ್ರದ ಜಾಣತನವೊಂದೇ ಕಾರಣವೇ ಎಂಬುದನ್ನೂ ಅವರು ಯೋಚಿಸಬೇಕು.

ನಮ್ಮ ವಿದ್ಯಾರ್ಥಿನಿ ಈಗ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಾಳೆ. ಯಾವ ಪದವಿಗೂ ಅಲ್ಲದ ಒಂದು ಬರೆಹಕ್ಕೆ ಕೈಹಾಕಿದ್ದಾಳೆ. 2019ರಲ್ಲಿ ದೇಶಮಟ್ಟದಲ್ಲಿ ಸಮಯ ಬಳಕೆಯ ಸಮೀಕ್ಷೆಯೊಂದು ನಡೆದಿತ್ತು. ನಿಮ್ಮ ಉದ್ಯೋಗವೇನು ಎಂದು ಕೇಳಿ ಸುಮ್ಮನಾಗದೆ, ಹಿಂದಿನ ದಿನ ಬೆಳಗ್ಗೆ 4 ಗಂಟೆಯಿಂದ ಮರುದಿನ 4 ಗಂಟೆಯವರೆಗೆ ಏನೇನು ಮಾಡಿದಿರಿ ಎಂದು ಕೇಳುವ ಕ್ರಮ ಅದರದ್ದು. ಆಕೆ ತನ್ನ ಹಳೆಯ ನಾಲ್ಕು ಚೌಕಗಳನ್ನು ಎಸೆದು ಅದೇ ಪ್ರಶ್ನೆಯನ್ನು ಹಿಡಿದು ಅದೇ ಮನೆಗಳಿಗೆ ಹೋಗುತ್ತಿದ್ದಾಳೆ. ಈ ಬಾರಿ ಉತ್ತರಗಳು ಉದ್ದವಾಗಿವೆ. ಸುಬಹಿಗೆ ಎದ್ದದ್ದು, ರಾತ್ರಿ ನೆನೆಹಾಕಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ಎಲೆಯನ್ನು ಕತ್ತರಿಸಿದ್ದು, ಗಂಜಿ ಬೇಯುವಾಗ ಕಟ್ಟಿದ್ದು, ಮಕ್ಕಳು ಮದ್ರಸಕ್ಕೆ ಹೋದ ಮೇಲೆ ಕಟ್ಟಿದ್ದು, ಕೊಟ್ಟ ಎಲೆ ಸಾವಿರಕ್ಕೆ ಸಾಲದೆ ಕೈಯಿಂದ ದುಡ್ಡು ಹಾಕಿ ಎಲೆ ತಂದದ್ದು, ಬ್ರಾಂಚಿನಲ್ಲಿ ಸರಿಯಿಲ್ಲವೆಂದು ಆರಿಸಿ ತೆಗೆದಿಟ್ಟ ಕಟ್ಟುಗಳಿಗೆ ಮಜೂರಿ ಸಿಗದೇ ಹೋದದ್ದು. ಒಬ್ಬ ವೃದ್ಧೆ ಇಷ್ಟೆಲ್ಲ ಹೇಳಿ ಮುಗಿಸಿ, ಆಕೆಯ ಪುಸ್ತಕದತ್ತ ಇಣುಕಿ, “ಇದನ್ನೆಲ್ಲ ಬರೆದೆಯಾ? ಎಲೆಗೆ ನಾನು ಹಾಕಿದ ದುಡ್ಡಿನ ಲೆಕ್ಕ ಸರಿ ಹಾಕಿದ್ದೀಯಲ್ಲ?” ಎಂದು ಕೇಳಿದರಂತೆ. ಲೆಕ್ಕದಲ್ಲಿ ಎರಡು ರೂಪಾಯಿ ತಪ್ಪಿತ್ತು. ಅಲ್ಲೇ ತಿದ್ದಿಸಿದರಂತೆ.